ಪಾದ್ರಿ ಆಗೋದಕ್ಕೆ 12 ವರ್ಷ ಯಾಕೆ ಬೇಕು?

ಪ್ರಶ್ನೆ: ಫಾದರ್, ನಮ್ಮದು ಸಕಲೇಶಪುರದ ಹತ್ತಿರ ಒಂದು ಹಳ್ಳಿ. ಸ್ವಲ್ಪ ಕಾಫಿ ತೋಟ ಇದೆ. ಮಗ ಈ ವರ್ಷ ಎರಡನೇ ಪಿಯುಸಿ ಪರೀಕ್ಷೆ ಬರೆಯುತ್ತಿದ್ದಾನೆ. ಪಾದ್ರಿಗಳನ್ನು ತಯಾರು ಮಾಡುವ ಗುರುಮಠಕ್ಕೆ ಸೇರುತ್ತೇನೆ ಅಂತ ಹಟ ಹಿಡಿದಿದ್ದಾನೆ. ನನಗೆ ಒಳಗೊಳಗೇ ಖುಷಿ. ಆದರೆ ಅವರಪ್ಪ ಕೇಳುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. "ಡಾಕ್ಟರಾಗೋಕೆ ಐದೂವರೆ ವರ್ಷ ಸಾಕು. ಪೂಜೆ ಮಾಡೋಕೆ, ಪ್ರಸಂಗ ಹೇಳೋಕೆ 12 ವರ್ಷ ಯಾಕೆ? ಅರ್ಧದಲ್ಲಿ ಬಿಟ್ಟು ಬಂದರೆ ವಯಸ್ಸೂ ಹೋಯ್ತು, ಓದೂ ಹೋಯ್ತು" ಅಂತಾರೆ. ಫ್ರಾನ್ಸಿನ ಪಾದ್ರಿ ಸಂತ ಜಾನ್ ಮರಿಯ ವಿಯಾನ್ನಿಯವರು ಲ್ಯಾಟಿನ್ ಬಾರದೆ ಫೇಲಾದವರು, ಆದರೂ ಸಂತರಾದರು ಅಲ್ವಾ ಅಂತಲೂ ಕೇಳ್ತಾರೆ. ದಯವಿಟ್ಟು ಬಿಡಿಸಿ ಹೇಳಿ.

ಉತ್ತರ:

ಅಮ್ಮಾ, ನಿಮ್ಮ ಯಜಮಾನರ ಪ್ರಶ್ನೆ ಸರಿಯಾಗಿಯೇ ಇದೆ. ಹಿಂದುಮುಂದು ನೋಡದೆ ಮಗನನ್ನು ಕಳಿಸಿಕೊಡುವ ಅಪ್ಪನಿಗಿಂತ, ಕೂರಿಸಿಕೊಂಡು ಲೆಕ್ಕ ಕೇಳುವ ಅಪ್ಪನ ಮೇಲೆ ನನಗೆ ಜಾಸ್ತಿ ಗೌರವ. ನಾನು 20ಕ್ಕೂ ಹೆಚ್ಚು ವರ್ಷ ಗುರುಮಠದಲ್ಲಿ ಪಾಠ ಮಾಡಿದವನು. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ಮೊದಲು ವರ್ಷಗಳ ಲೆಕ್ಕ ಮುಗಿಸಿಬಿಡೋಣ. ತತ್ವಶಾಸ್ತ್ರ, ದೈವಶಾಸ್ತ್ರ ಎರಡೂ ಸೇರಿ ಕನಿಷ್ಠ ಆರು ವರ್ಷ ಓದಿರಬೇಕು ಅಂತ ಕ್ಯಾಥೊಲಿಕ್ ಚರ್ಚಿನ 1983ರ ಕಾನೂನು ಹೇಳುತ್ತದೆ. ಮೊದಲನೆಯದಕ್ಕೆ ಎರಡು, ಎರಡನೆಯದಕ್ಕೆ ನಾಲ್ಕು. ಅದಕ್ಕೂ ಮುಂಚೆ ಒಂದೆರಡು ವರ್ಷ ತಯಾರಿ. ನಮ್ಮ ಕಡೆ ಹೆಚ್ಚಿನವರು ನಡುವೆ ಮೂರು ವರ್ಷದ ಡಿಗ್ರಿಯನ್ನೂ ಮುಗಿಸುತ್ತಾರೆ. ಆಮೇಲೆ ಒಂದು ವರ್ಷ ಯಾವುದಾದರೂ ಹಳ್ಳಿಯ ಚರ್ಚಿನಲ್ಲೋ, ಶಾಲೆಯಲ್ಲೋ, ಹಾಸ್ಟೆಲಿನಲ್ಲೋ ಕೆಲಸ. ಇದಕ್ಕೆ ರೀಜೆನ್ಸಿ ಅನ್ನುತ್ತಾರೆ. ಕೊನೆಗೆ ಡೀಕನ್ ದೀಕ್ಷೆ (ಗುರುವಾಗುವುದಕ್ಕೆ ಮುಂಚಿನ ಮೆಟ್ಟಿಲು), ಅದಾಗಿ ಕನಿಷ್ಠ ಆರು ತಿಂಗಳ ಮೇಲೆ ಗುರುದೀಕ್ಷೆ, ಅಂದರೆ ಪಾದ್ರಿಯಾಗುವ ದೀಕ್ಷೆ. 25 ವರ್ಷ ತುಂಬದವರಿಗೆ ಅದೂ ಇಲ್ಲ. ಎಲ್ಲಾ ಕೂಡಿದರೆ ಹತ್ತು, ಹನ್ನೆರಡು ವರ್ಷ. ಯೇಸುಸಭೆಯಂಥ (ಜೆಸ್ವಿಟ್) ಸನ್ಯಾಸಿ ಸಭೆಗಳಿಗೆ ಸೇರಿದರೆ ಇನ್ನೂ ಜಾಸ್ತಿ ಹಿಡಿಯಬಹುದು.

ಡಾಕ್ಟರ ವಿಷಯಕ್ಕೆ ಬರುತ್ತೇನೆ. ಎಂಬಿಬಿಎಸ್ ಮುಗಿಸಿ ನಿನ್ನೆ ತಾನೇ ಹೊರಬಂದ ಹುಡುಗನ ಕೈಗೆ ಯಾರಾದರೂ ಒಂಟಿಯಾಗಿ ಹೃದಯದ ಆಪರೇಷನ್ ಒಪ್ಪಿಸುತ್ತಾರಾ? ಇಲ್ಲ. ಅವನು ಇನ್ನೂ ಓದಬೇಕು, ವರ್ಷಗಟ್ಟಲೆ ದೊಡ್ಡ ಡಾಕ್ಟರ ಪಕ್ಕ ನಿಲ್ಲಬೇಕು. ನಮ್ಮಲ್ಲಿ ಹಾಗಲ್ಲ. ದೀಕ್ಷೆಯಾದ ತಿಂಗಳೊಳಗೆ ಹೊಸ ಗುರುವನ್ನು, ಜನ ಬಂದು ತಮ್ಮ ಪಾಪ ಹೇಳಿಕೊಂಡು ಕ್ಷಮೆ ಕೇಳುವ ಪಾಪನಿವೇದನೆಯ ಪೀಠದಲ್ಲಿ ಕೂರಿಸುತ್ತೇವೆ. ಅಲ್ಲಿ ಪಕ್ಕದಲ್ಲಿ ಯಾರೂ ನಿಲ್ಲುವ ಹಾಗಿಲ್ಲ. ತಪ್ಪಾದರೆ ಯಾರಿಗೂ ಗೊತ್ತಾಗುವುದಿಲ್ಲ. ಬಂದವರು ಎದ್ದು ಹೋಗುತ್ತಾರೆ, ಕೆಲವರು ಮತ್ತೆ ಚರ್ಚಿನ ಕಡೆಗೇ ಬರುವುದಿಲ್ಲ, ಅಷ್ಟೆ.

ಅದಕ್ಕೇ ದೈವಶಾಸ್ತ್ರದ ಕೊನೆಯ ವರ್ಷದಲ್ಲಿ ನಾವು ಒಂದು ಅಭ್ಯಾಸ ಮಾಡಿಸುತ್ತೇವೆ. ಕ್ಲಾಸಿನಲ್ಲಿ ಎರಡು ಕುರ್ಚಿ, ನಡುವೆ ಒಂದು ಬಟ್ಟೆ ಇಳಿಬಿಟ್ಟಿರುತ್ತದೆ. ಒಂದು ಕಡೆ ಬ್ರದರ್ ಗುರುವಾಗಿ ಕೂರುತ್ತಾನೆ. (ಗುರುಮಠದಲ್ಲಿ ಕಲಿಯುವ ಹುಡುಗರನ್ನು ಬ್ರದರ್ ಅಂತಲೇ ಕರೆಯೋದು.) ಇನ್ನೊಂದು ಕಡೆ ನಾನು ಪಾಪನಿವೇದನೆಗೆ ಬಂದವನ ಪಾತ್ರ ಮಾಡುತ್ತೇನೆ. ಒಮ್ಮೆ ಅರವತ್ತು ದಾಟಿದ ಮುದುಕನಾಗಿ ಕೂತೆ. "ಸ್ವಾಮಿ, ಇಲ್ಲಿಗೆ ಬಂದು ಮೂವತ್ತು ವರ್ಷ ಆಯ್ತು" ಅಂತಷ್ಟೇ ಹೇಳಿ ಸುಮ್ಮನಾದೆ. ಆ ಹುಡುಗ ಓದಿನಲ್ಲಿ ಎಲ್ಲರಿಗಿಂತ ಮುಂದೆ. ನನ್ನ ಸುಮ್ಮನಿರುವಿಕೆ ಅವನಿಗೆ ತಡೆಯಲಾಗಲಿಲ್ಲ. ತಕ್ಷಣ ಕೇಳಿದ, "ಇಷ್ಟು ವರ್ಷ ಯಾಕೆ ಬರಲಿಲ್ಲ?" ನಾನು ಎದ್ದು ಬಾಗಿಲ ಹೊರಗೆ ಹೋದೆ. ಕ್ಲಾಸಿನವರು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಮೂವತ್ತು ವರ್ಷ ಹಿಂದೇಟು ಹಾಕಿ ಕೊನೆಗೂ ಧೈರ್ಯ ಮಾಡಿ ಬಂದ ಮನುಷ್ಯ ಒಂದೇ ಮಾತಿಗೆ ಎದ್ದು ಹೋಗಿದ್ದ.

ಇನ್ನೊಂದು ದಿನ ಹೆಂಗಸಿನ ಪಾತ್ರ. "ಗಂಡ ಕುಡಿದು ಬಂದು ಹೊಡೀತಾನೆ. ಅವನು ಸತ್ತರೆ ಸಾಕು ಅನ್ಸುತ್ತೆ. ಅದೇ ನನ್ನ ಪಾಪ ಸ್ವಾಮಿ." ಬ್ರದರ್ ಒಬ್ಬ ಶಾಂತವಾಗಿ ಹೇಳಿದ, "ತಾಳ್ಮೆ ಇರಲಿ ಅಮ್ಮಾ, ಕ್ಷಮಿಸಿ, ಪ್ರಾರ್ಥನೆ ಮಾಡಿ." ಕೇಳೋಕೆ ಭಕ್ತಿಯ ಮಾತು. ಆದರೆ ಅದೇ ಮಾತು ನಂಬಿ ಮನೆಗೆ ವಾಪಸ್ ಹೋದವಳ ಜೀವಕ್ಕೇ ಅಪಾಯ ಆಗಬಹುದು. ನಾವು ಅವತ್ತು ಎರಡು ಗಂಟೆ ಆ ಒಂದೇ ಉತ್ತರದ ಮೇಲೆ ಕೂತೆವು. ಸಿಟ್ಟು ಬಂದದ್ದೇ ಪಾಪವಾ? ಪಾಪ ಮಾಡುತ್ತಿರುವವರು ಯಾರು? "ಇವತ್ತು ರಾತ್ರಿ ನಿಮಗೆ ಇರೋಕೆ ಸುರಕ್ಷಿತ ಜಾಗ ಇದೆಯಾ ಅಮ್ಮಾ?" ಅಂತ ಕೇಳುವುದು ಗುರುವಿನ ಕೆಲಸ ಹೌದೋ ಅಲ್ಲವೋ? ಹೌದು ಅನ್ನುವುದಕ್ಕೆ ನೀತಿಶಾಸ್ತ್ರ ಬೇಕು, ಮನಶ್ಶಾಸ್ತ್ರ ಬೇಕು, ಚರ್ಚಿನ ಕಾನೂನು ಬೇಕು. ಅದಕ್ಕಿಂತ ಜಾಸ್ತಿ, ಹೆಂಗಸರ ಕಷ್ಟವನ್ನು ಎದುರಿಗೆ ಕೂತು ಕೇಳಿ ಗೊತ್ತಿರಬೇಕು. ಅಲ್ಲಿ ಕೇಳಿದ ಒಂದು ಅಕ್ಷರವನ್ನೂ ಅವನು ಯಾರಿಗೂ ಹೇಳುವಂತಿಲ್ಲ. ಬಿಷಪರಿಗೂ ಇಲ್ಲ, ಪೊಲೀಸರಿಗೂ ಇಲ್ಲ, ಹೆತ್ತ ತಾಯಿಗೂ ಇಲ್ಲ. ಬೇಕೆಂದೇ ಹೇಳಿದರೆ ಆ ಕ್ಷಣವೇ ಅವನು ಚರ್ಚಿನ ಬಹಿಷ್ಕಾರಕ್ಕೆ ಒಳಗಾಗುತ್ತಾನೆ. ಆ ಭಾರ ಹೊತ್ತುಕೊಂಡು ರಾತ್ರಿ ಒಬ್ಬನೇ ಮಲಗಬೇಕು, ಬೆಳಿಗ್ಗೆ ನಗುಮುಖದಲ್ಲಿ ಪೂಜೆ ಮಾಡಬೇಕು. ಅರ್ಹತೆ ಪರೀಕ್ಷಿಸದೆ ಯಾರಿಗೂ ಪಾಪನಿವೇದನೆ ಕೇಳುವ ಅನುಮತಿ ಕೊಡಬಾರದು ಅಂತ ಕಾನೂನಿನಲ್ಲೇ ಬರೆದಿರುವುದು ಸುಮ್ಮನೆ ಅಲ್ಲ.

ಪೂಜೆಯ ವಿಧಿ ಕಲಿಯೋಕೆ ಮೂರು ತಿಂಗಳು ಸಾಕು ಅಂತ ನಿಮ್ಮವರು ಹೇಳಿದರೆ ನಾನೂ ಒಪ್ಪುತ್ತೇನೆ. ಉಳಿದ ವರ್ಷಗಳು ಹೋಗುವುದು ಆ ಬಟ್ಟೆಯ ಹಿಂದೆ ಕೂರುವ ಮನುಷ್ಯನನ್ನು ತಯಾರು ಮಾಡುವುದಕ್ಕೆ.

ಹಿಂದೆ ಹೀಗಿರಲಿಲ್ಲ. 16ನೇ ಶತಮಾನದ ತನಕ ಯೂರೋಪಿನಲ್ಲಿ ಪಾದ್ರಿಯಾಗಲು ಇಂಥದ್ದೇ ಶಾಲೆ ಅಂತ ಇರಲಿಲ್ಲ. ಕೆಲವರು ವಿಶ್ವವಿದ್ಯಾಲಯದಲ್ಲಿ ಓದಿದವರು. ಹಳ್ಳಿಗಳಲ್ಲಿ ಹುಡುಗ ಅಲ್ಲಿನ ಪಾದ್ರಿಯ ಜೊತೆಗಿದ್ದು, ನೋಡಿ ನೋಡಿ ಪೂಜೆ ಕಲಿಯುತ್ತಿದ್ದ. ಪೂಜೆಯಲ್ಲಿ ತಾವೇ ಹೇಳುವ ಲ್ಯಾಟಿನ್ನಿನ ಅರ್ಥ ಗೊತ್ತಿಲ್ಲದವರೂ ಇದ್ದರು. ಜನ ಏನಾದರೂ ಕೇಳಿದರೆ ಹೇಳಲು ಏನೂ ಇರುತ್ತಿರಲಿಲ್ಲ. ಚರ್ಚು ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಅಂತ ಒಡೆದು ಎರಡಾಗುವುದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು. ಇಟಲಿಯ ಟ್ರೆಂಟ್ ಊರಿನಲ್ಲಿ ಸೇರಿದ್ದ ಮಹಾಸಭೆ 1563ರ ಜುಲೈ 15ರಂದು ಒಂದು ಆಜ್ಞೆ ಹೊರಡಿಸಿತು. ಪ್ರತಿ ಧರ್ಮಪ್ರಾಂತ್ಯವೂ (ಒಬ್ಬ ಬಿಷಪರ ಕೈಕೆಳಗಿನ ಪ್ರದೇಶ) ಗುರುಗಳನ್ನು ತಯಾರು ಮಾಡಲು ಒಂದು ಮನೆ ತೆರೆಯಬೇಕು. 12 ವರ್ಷವಾದರೂ ಆದ, ಓದು ಬರಹ ಬರುವ ಹುಡುಗರನ್ನು ತೆಗೆದುಕೊಳ್ಳಬೇಕು. ಅದರಲ್ಲೂ ಬಡವರ ಮಕ್ಕಳಿಗೆ ಮೊದಲ ಜಾಗ. ಸಾಹುಕಾರರ ಮಕ್ಕಳು ಬರಬಹುದು, ಖರ್ಚು ಅವರದೇ. ಈ ಬಡವರ ಮಕ್ಕಳ ಮಾತು ಓದಿದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ, ಯಾಕೆಂದರೆ ನಾನೂ ಹಾಗೆ ಬಂದವನೇ.

ಆ ಮನೆಗೆ ಅವರು ಇಟ್ಟ ಹೆಸರು ಸೆಮಿನರಿ. ಲ್ಯಾಟಿನ್ನಿನಲ್ಲಿ ಅದಕ್ಕೆ ಸಸಿಮಡಿ ಅಂತ ಅರ್ಥ. ನಿಮ್ಮ ತೋಟದ ಮಾತಿನಲ್ಲಿ ನರ್ಸರಿ. ನಿಮ್ಮ ಯಜಮಾನರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಬುಟ್ಟಿಯಲ್ಲಿರುವ ಕಾಫಿ ಸಸಿಯನ್ನು ನೆರಳಲ್ಲಿಟ್ಟು, ಬಿಸಿಲಿಗೆ ಸ್ವಲ್ಪ ಸ್ವಲ್ಪವೇ ಒಗ್ಗಿಸಿ, ಬೇರು ಡೊಂಕಾದದ್ದನ್ನು ಅಲ್ಲೇ ಆರಿಸಿ ಪಕ್ಕಕ್ಕೆ ಹಾಕಿ, ಆಮೇಲೆ ತಾನೇ ತೋಟಕ್ಕೆ ಇಳಿಸುವುದು?

ಮಂಗಳೂರಿಗೆ ಯೇಸುಸಭೆಯ ಫಾದರ್‌ಗಳು ಬಂದದ್ದು 1878ರ ಕೊನೆಯ ದಿನ. ಜೆಪ್ಪುವಿನ ಸಂತ ಜೋಸೆಫರ ಗುರುಮಠ ಶುರುವಾದದ್ದು 1879ರಲ್ಲಿ. ಅಂದರೆ ಬಂದು ವರ್ಷದೊಳಗೇ ಅವರು ಕೈಹಾಕಿದ ಕೆಲಸಗಳಲ್ಲಿ ಇದೂ ಒಂದು. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಗುರುಮಠದ ಹೆಸರನ್ನು ನೀವು ಕೇಳಿಯೇ ಇರುತ್ತೀರಿ. ನಿಮ್ಮ ಮಗ ಮುಂದೆ ಇಂಥ ಕಡೆ ಓದುವಾಗ ಅರಿಸ್ಟಾಟಲ್, ಸಂತ ಥಾಮಸ್ ಅಕ್ವಿನಾಸ್ ಜೊತೆಗೆ ಶಂಕರರನ್ನೂ ರಾಮಾನುಜರನ್ನೂ ಮಧ್ವರನ್ನೂ ಓದುತ್ತಾನೆ. ಇದನ್ನು ಕೇಳಿ ಕೆಲವು ಅಪ್ಪ ಅಮ್ಮಂದಿರಿಗೆ ಆಶ್ಚರ್ಯವಾಗುತ್ತದೆ. ಪಕ್ಕದ ಮನೆಯವರು ದೇವರನ್ನು ಹೇಗೆ ಹುಡುಕಿದರು ಅಂತ ಗೊತ್ತಿಲ್ಲದವನು ಈ ನೆಲದಲ್ಲಿ ಗುರುವಾಗಿ ಏನು ಮಾಡಿಯಾನು?

ಈಗ ಸಂತ ವಿಯಾನ್ನಿ. ಇವರ ಹೆಸರು ಬಂದರೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವರು ಲ್ಯಾಟಿನ್ನಿನಲ್ಲಿ ತುಂಬಾ ಹಿಂದೆ ಇದ್ದದ್ದು ನಿಜ. ಲಿಯೋನ್ ನಗರದ ಗುರುಮಠದಿಂದ ಅವರನ್ನು ವಾಪಸ್ ಕಳಿಸಿದ್ದೂ ನಿಜ. ಆದರೆ ಕಥೆಯ ಉಳಿದ ಭಾಗವನ್ನು ಜನ ಹೇಳುವುದಿಲ್ಲ. ಹುಟ್ಟಿದ್ದು 1786ರಲ್ಲಿ, ರೈತರ ಮನೆಯಲ್ಲಿ. ಇಪ್ಪತ್ತರ ಆಸುಪಾಸಿನಲ್ಲಿ ಎಕುಲಿ ಅನ್ನುವ ಊರಿನ ಗುರು ಬಾಲೇ ಅವರ ಹತ್ತಿರ ಓದಲು ಕೂತರು. ನಡುವೆ ಸೈನ್ಯದ ಕರೆ ಬಂತು, ತಲೆಮರೆಸಿಕೊಂಡು ಇರಬೇಕಾಯಿತು, ಮತ್ತೆ ಬಂದು ಪುಸ್ತಕ ಹಿಡಿದರು. ಗುರುಮಠ ಬೇಡ ಅಂದಾಗ ಬಾಲೇ ಅವರು ಬಿಡಲಿಲ್ಲ. ತಮ್ಮ ಮನೆಯಲ್ಲೇ ಇಟ್ಟುಕೊಂಡು ಮತ್ತೆ ಕಲಿಸಿದರು, ಮೇಲಿನವರ ಹತ್ತಿರ ಹೋಗಿ ಅವರ ಪರ ಮಾತಾಡಿದರು. ದೀಕ್ಷೆ ಆದದ್ದು 1815ರ ಆಗಸ್ಟ್ 13ರಂದು, ಅವರಿಗೆ 29 ವರ್ಷ. ಅಲ್ಲಿಗೂ ಮುಗಿಯಲಿಲ್ಲ. ಪಾಪನಿವೇದನೆ ಕೇಳುವ ಅನುಮತಿಯನ್ನು ಕೂಡಲೇ ಕೊಡಲಿಲ್ಲ. ಬಾಲೇ ಅವರು ತೀರಿಕೊಳ್ಳುವ ತನಕ ಅವರ ಸಹಾಯಕರಾಗಿಯೇ ಇದ್ದರು. ಆರ್ಸ್ ಅನ್ನುವ ಸಣ್ಣ ಹಳ್ಳಿಗೆ ಕಳಿಸಿದ್ದು 1818ರಲ್ಲಿ. ಲೆಕ್ಕ ಹಾಕಿ ನೋಡಿ, 12 ವರ್ಷಕ್ಕೆ ಕಡಿಮೆ ಬರುತ್ತದಾ?

ಲ್ಯಾಟಿನ್ ಅವರಿಗೆ ಕೊನೆಯ ತನಕ ಕಷ್ಟವೇ ಆಗಿರಬಹುದು. ಆದರೆ ಒಬ್ಬ ಒಳ್ಳೆಯ ಗುರುವಿನ ಜೊತೆ ಒಂದೇ ಸೂರಿನಡಿ ವರ್ಷಗಟ್ಟಲೆ ಬದುಕಿ, ಅವರ ಪ್ರಾರ್ಥನೆ, ಊಟ, ಸಿಟ್ಟು, ದಣಿವು ಎಲ್ಲವನ್ನೂ ಹತ್ತಿರದಿಂದ ನೋಡಿ ಕಲಿತರು. ಮುಂದೆ ಫ್ರಾನ್ಸಿನ ಮೂಲೆಮೂಲೆಯಿಂದ ಜನ ಆರ್ಸ್‌ಗೆ ಬಂದು ಸಾಲುಗಟ್ಟಿದ್ದು ಯಾಕೆ? ಆ ಪೀಠದಲ್ಲಿ ಅವರು ದಿನಕ್ಕೆ ಹತ್ತು ಗಂಟೆಗೂ ಮೀರಿ ಕೂರುತ್ತಿದ್ದರು. ಅಷ್ಟು ಹೊತ್ತು ಬೇರೆಯವರ ನೋವು ಕೇಳುವ ತಾಳ್ಮೆ ಒಂದು ದಿನದಲ್ಲಿ ಬರುವುದಲ್ಲ. ಹಾಗಾಗಿ ವಿಯಾನ್ನಿಯವರ ಬದುಕು ಉದ್ದ ತರಬೇತಿಯ ವಿರುದ್ಧದ ಸಾಕ್ಷಿ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ರೀಜೆನ್ಸಿಯ ಬಗ್ಗೆ ಒಂದು ಮಾತು. ಕರಾವಳಿಯ ಕೊಂಕಣಿ ಮನೆಯ ಹುಡುಗನೊಬ್ಬನನ್ನು ಆ ವರ್ಷ ಹಾಸನ ಜಿಲ್ಲೆಯ ಒಂದು ಹಳ್ಳಿಗೆ ಕಳಿಸಿದ್ದೆವು. ಅವನ ಕನ್ನಡ ಪುಸ್ತಕದ ಕನ್ನಡ. ಹೋದ ಎರಡನೇ ವಾರಕ್ಕೇ ಒಂದು ಸಾವಿನ ಮನೆ. ಫಾದರ್ ಊರಲ್ಲಿ ಇರಲಿಲ್ಲ. ಅವನು ಆಮೇಲೆ ನನಗೆ ಬರೆದ ಪತ್ರ ಈಗಲೂ ನನ್ನ ಹತ್ತಿರ ಇದೆ. "ಓದಿದ್ದು ಯಾವುದೂ ಬಾಯಿಗೆ ಬರಲಿಲ್ಲ ಫಾದರ್. ಆ ಅಜ್ಜಿ ಅಳುತ್ತಿದ್ದರು, ನಾನು ನಿತ್ಯಜೀವದ ಬಗ್ಗೆ ಎರಡು ವಾಕ್ಯ ಹೇಳಿ ನಿಲ್ಲಿಸಿದೆ. ಕೊನೆಗೆ ಕೊಡ ತಗೊಂಡು ಬೋರ್‌ವೆಲ್‌ನಿಂದ ನೀರು ಹೊತ್ತು ಹಾಕಿದೆ. ಸಂಜೆ ಅಜ್ಜಿ ನನ್ನ ಕೈ ಹಿಡಿದುಕೊಂಡು ಕೂತರು." ಆ ವರ್ಷ ಮುಗಿಸಿ ವಾಪಸ್ ಬಂದಾಗ ಅವನ ಕನ್ನಡವೂ ಬೇರೆ ಆಗಿತ್ತು, ಅವನು ಕೇಳುವ ಪ್ರಶ್ನೆಗಳೂ ಬೇರೆ ಆಗಿದ್ದವು. ಮರಣ, ಪುನರುತ್ಥಾನದ ಪಾಠ ಮಾಡುವಾಗ ಅವನೊಬ್ಬ ಬರೆದುಕೊಳ್ಳುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ.

ಇಷ್ಟೆಲ್ಲ ಹೇಳಿದ ಮೇಲೆ ಕಹಿ ಮಾತನ್ನೂ ಹೇಳಬೇಕು. ಉದ್ದ ತರಬೇತಿ ಅಂದ ಮಾತ್ರಕ್ಕೆ ಒಳ್ಳೆಯ ತರಬೇತಿ ಆಗುವುದಿಲ್ಲ. ನಾನು ಓದಿದ ಕಡೆ ಮನೆಯಿಂದ ಬಂದ ಪತ್ರವನ್ನು ಒಡೆದು ಓದಿ ಕೊಡುತ್ತಿದ್ದರು. ಗಂಟೆ ಬಾರಿಸಿದರೆ ಏಳು, ಗಂಟೆ ಬಾರಿಸಿದರೆ ಮಾತು ನಿಲ್ಲಿಸು. ನನ್ನ ಅಕ್ಕನ ಮದುವೆ ಮುರಿದುಬಿದ್ದಾಗ ನನ್ನೊಳಗೆ ಏನಾಗುತ್ತಿದೆ ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದರೆ "ಇವನಿಗೆ ದೈವಕರೆ ಇಲ್ಲ" ಅಂದುಬಿಡುತ್ತಾರೆ ಅನ್ನುವ ಭಯ. ಮುಖವಾಡ ಹಾಕಿಕೊಂಡು ಎಲ್ಲ ಪರೀಕ್ಷೆ ಪಾಸಾದೆ. ಹೊರಗೆ ಬಂದ ಮೇಲೆ ಅದನ್ನು ಕಳಚಲು ಎಷ್ಟೋ ವರ್ಷ ಹಿಡಿಯಿತು. ನಾನು ಪಾಠ ಮಾಡುವ ಕೆಲಸ ಒಪ್ಪಿಕೊಂಡದ್ದೇ ಇನ್ನೊಬ್ಬ ಹುಡುಗನಿಗೆ ಹಾಗಾಗಬಾರದು ಅಂತ.

ಮಕ್ಕಳ ಮೇಲೆ ದೌರ್ಜನ್ಯ ಮಾಡಿದ ಪಾದ್ರಿಗಳ ಸುದ್ದಿ ನೀವೂ ಓದಿರುತ್ತೀರಿ. ಅವರಲ್ಲೂ ಅನೇಕರು ವರ್ಷಗಟ್ಟಲೆ ಗುರುಮಠದಲ್ಲಿ ಕಲಿತು ಬಂದವರೇ. ಈ ಮಾತು ಬರೆಯಲು ಕಷ್ಟವಾಗುತ್ತದೆ, ಆದರೆ ಮುಚ್ಚಿಟ್ಟು ನಿಮ್ಮ ಮಗನನ್ನು ಕೇಳುವ ಹಕ್ಕು ನನಗಿಲ್ಲ. ಅಷ್ಟು ವರ್ಷ ಅವರಿಗೆ ಪಾಠ ಆಗಿತ್ತು, ಅವರೊಳಗೆ ಇಣುಕಿ ನೋಡುವ ಕೆಲಸ ಆಗಿರಲಿಲ್ಲ. 1992ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರು ಗುರುಗಳ ತರಬೇತಿಯ ಬಗ್ಗೆ ಒಂದು ದೊಡ್ಡ ಪತ್ರ ಬರೆದರು. ಪ್ರಾರ್ಥನೆ, ಓದು, ಜನಸೇವೆ ಈ ಮೂರಕ್ಕೂ ಮೊದಲು ಮನುಷ್ಯನಾಗಿ ಬೆಳೆಯುವುದು ಬರಬೇಕು, ಅದೇ ತಳಪಾಯ ಅಂದರು. ಅವರೂ ಸುಖದಲ್ಲಿ ಓದಿದವರಲ್ಲ. ಯುದ್ಧದ ಕಾಲದಲ್ಲಿ, ಪೋಲೆಂಡಿನ ಕ್ರಾಕೋವ್‌ನಲ್ಲಿ, ಕಾರ್ಖಾನೆಯಲ್ಲಿ ದುಡಿಯುತ್ತಲೇ ಕದ್ದುಮುಚ್ಚಿ ನಡೆಯುತ್ತಿದ್ದ ಗುರುಮಠದಲ್ಲಿ ಕಲಿತವರು. ಪೋಪ್ ಫ್ರಾನ್ಸಿಸ್ ಇನ್ನೂ ಖಾರವಾಗಿ ಹೇಳಿದರು. ತರಬೇತಿ ಅನ್ನುವುದು ಪೊಲೀಸರ ಕೆಲಸವಲ್ಲ, ಹೃದಯವನ್ನು ರೂಪಿಸದಿದ್ದರೆ ನಾವು ಪುಟ್ಟ ರಾಕ್ಷಸರನ್ನು ತಯಾರು ಮಾಡುತ್ತೇವೆ ಅಂತ. 2016ರಲ್ಲಿ ರೋಮಿನಿಂದ ಬಂದ ಮಾರ್ಗಸೂಚಿಯಲ್ಲಿ ಮೊದಲ ತಯಾರಿಯ ಹಂತ ಎಲ್ಲ ಕಡೆ ಇರಲೇಬೇಕು ಅಂತಾಯಿತು. ಮಕ್ಕಳ ರಕ್ಷಣೆಯ ಪಾಠವನ್ನೂ ಅದರಲ್ಲಿ ಒತ್ತಿ ಹೇಳಿದ್ದಾರೆ.

ಈಗ ನಿಮ್ಮ ಯಜಮಾನರ ನಿಜವಾದ ಭಯಕ್ಕೆ ಬರುತ್ತೇನೆ. ಅರ್ಧದಲ್ಲಿ ಬಿಟ್ಟು ಬಂದರೆ?

ಬರಬಹುದು. ಸೇರಿದವರೆಲ್ಲ ಕೊನೆಯ ತನಕ ಉಳಿದ ಒಂದು ತಂಡವನ್ನೂ ನಾನು ನೋಡಿಲ್ಲ. ಮೊದಲೆಲ್ಲ ಯಾರಾದರೂ ಹೊರಟಾಗ ನಮ್ಮದೇ ಸೋಲು ಅಂತ ನೊಂದುಕೊಳ್ಳುತ್ತಿದ್ದೆ. ಈಗ ಇಷ್ಟು ವರ್ಷ ಬೇಕಾಗಿರುವುದೇ ಅದಕ್ಕೆ ಅನ್ನಿಸುತ್ತದೆ. ಹದಿನೆಂಟರ ಹುಡುಗನಿಗೆ ಪೂಜೆಯ ಉಡುಪು ಚೆಂದ ಕಾಣುತ್ತದೆ, ಊರವರ ಗೌರವ ಚೆಂದ ಕಾಣುತ್ತದೆ. ಮದುವೆಯಿಲ್ಲದೆ, ಸ್ವಂತ ಮನೆಯಿಲ್ಲದೆ, ಬಿಷಪರು ಹೇಳಿದ ಊರಿಗೆ ಹೋಗಿ ಇರುವುದು ಅಂದರೇನು ಅಂತ ಅವನಿಗೆ ಆ ವಯಸ್ಸಿಗೆ ಗೊತ್ತಾಗಲು ಸಾಧ್ಯವಿಲ್ಲ. ಇಪ್ಪತ್ತೆರಡಕ್ಕೆ ಗೊತ್ತಾಗಬಹುದು, ಇಪ್ಪತ್ತೈದಕ್ಕೆ ಗೊತ್ತಾಗಬಹುದು. ಡೀಕನ್ ದೀಕ್ಷೆಯ ದಿನ ಅವನು ಬ್ರಹ್ಮಚರ್ಯದ ಮಾತು ಕೊಡುತ್ತಾನೆ. ಆಮೇಲೆ ವಾಪಸ್ ಬರುವುದಕ್ಕೆ ರೋಮಿನ ಅನುಮತಿ ಬೇಕು. ಅದಕ್ಕೂ ಮುಂಚಿನ ಒಂದೊಂದು ವರ್ಷವೂ ಅವನಿಗೊಂದು ತೆರೆದ ಬಾಗಿಲು. ನಾವೂ ಪ್ರತಿ ವರ್ಷ ಕೂತು ಅವನ ಬಗ್ಗೆ ಮಾತಾಡುತ್ತೇವೆ. ಕೆಲವರಿಗೆ ನಾವೇ ಬೇಡ ಅನ್ನುತ್ತೇವೆ. ಮೂರು ವರ್ಷದ ಕೋರ್ಸಾಗಿದ್ದರೆ ಅವನಿಗೂ ತನ್ನ ಬಗ್ಗೆ ಗೊತ್ತಾಗುತ್ತಿರಲಿಲ್ಲ, ನಮಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಯಾವುದೋ ಹಳ್ಳಿಯ ಜನ ನಲವತ್ತು ವರ್ಷ ಅದನ್ನು ಅನುಭವಿಸಬೇಕಾಗಿತ್ತು.

ಗುರುದೀಕ್ಷೆ ನೋಡಿದ್ದರೆ ನಿಮಗೆ ನೆನಪಿರಬಹುದು. ಶುರುವಿನಲ್ಲೇ ಬಿಷಪರು, ಇವರು ಯೋಗ್ಯರು ಅಂತ ನಿಮಗೆ ಗೊತ್ತಿದೆಯಾ ಅಂತ ಕೇಳುತ್ತಾರೆ. ಅದಕ್ಕೆ ಒಬ್ಬ ಗುರು ಎದ್ದು ನಿಂತು, ಜನರ ಹತ್ತಿರ ವಿಚಾರಿಸಿದ್ದೇವೆ, ತರಬೇತಿ ಕೊಟ್ಟವರ ಮಾತು ಕೇಳಿದ್ದೇವೆ, ಯೋಗ್ಯರು ಅಂತ ಕಂಡುಬಂದಿದೆ ಅಂತ ಸಾಕ್ಷಿ ಹೇಳುತ್ತಾರೆ. ಅರ್ಧ ನಿಮಿಷದ ಮಾತು. ಎರಡು ಸಲ ಆ ಮಾತನ್ನು ನಾನೇ ಹೇಳಿದ್ದೇನೆ. ಎರಡೂ ಸಲ ಕಾಲು ನಡುಗಿದೆ.

ಓದು ಹಾಳಾಗುವ ಮಾತಿಗೆ ನೇರವಾದ ಸಲಹೆ ಕೊಡುತ್ತೇನೆ. ಧರ್ಮಪ್ರಾಂತ್ಯದಲ್ಲಿ ದೈವಕರೆಯ ಜವಾಬ್ದಾರಿ ಇರುವ ಫಾದರ್ ಹತ್ತಿರ ಅಪ್ಪ, ಅಮ್ಮ ಇಬ್ಬರೂ ಹೋಗಿ. ಮಗನಿಗೆ ವಿಶ್ವವಿದ್ಯಾಲಯದ ಡಿಗ್ರಿ ಮಾಡಿಸುತ್ತಾರಾ, ಯಾವ ವಿಶ್ವವಿದ್ಯಾಲಯ, ಯಾವ ವರ್ಷ ಅಂತ ಬಾಯಿಬಿಟ್ಟು ಕೇಳಿ. ಗುರುಮಠದ ಒಳಗಿನ ಎಲ್ಲಾ ಸರ್ಟಿಫಿಕೇಟೂ ಹೊರಗೆ ಕೆಲಸಕ್ಕೆ ಬರುವುದಿಲ್ಲ. ಡಿಗ್ರಿ ಕೈಯಲ್ಲಿದ್ದರೆ ವಾಪಸ್ ಬಂದವನಿಗೆ ಬಿ.ಎಡ್. ಮಾಡಬಹುದು, ಬ್ಯಾಂಕ್ ಪರೀಕ್ಷೆ ಬರೆಯಬಹುದು. ಕೌನ್ಸೆಲಿಂಗ್ ವ್ಯವಸ್ಥೆ ಇದೆಯಾ, ಮಕ್ಕಳ ರಕ್ಷಣೆಗೆ ಏನು ನಿಯಮ ಇದೆ, ಫೋನ್ ಮಾಡಬಹುದಾ, ಎಷ್ಟು ಸಲ ಮನೆಗೆ ಕಳಿಸುತ್ತಾರೆ, ಇವೆಲ್ಲ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ಅದೂ ಒಂದು ಉತ್ತರವೇ. ಬೇಸಿಗೆ ರಜೆಯಲ್ಲಿ ದೈವಕರೆ ಶಿಬಿರ ನಡೆಯುತ್ತದೆ, ಪರೀಕ್ಷೆ ಮುಗಿದ ಮೇಲೆ ಅವನನ್ನು ಮೊದಲು ಅದಕ್ಕೆ ಕಳಿಸಿ. ಈಗ ಪುಸ್ತಕ ಹಿಡಿದು ಪಾಸಾಗಲಿ.

ಕೊನೆಗೆ ನಿಮಗೆ ಮಾತ್ರ ಹೇಳುವ ಮಾತು ಅಮ್ಮಾ. ಅವನು ಸೇರಿದ ಮೇಲೆ ರಜೆಗೆ ಬಂದಾಗ "ಬ್ರದರ್ ಬಂದರು" ಅಂತ ಊರವರೆಲ್ಲ ಎದ್ದು ನಿಲ್ಲುತ್ತಾರೆ, ಕುರ್ಚಿ ಹಾಕುತ್ತಾರೆ. ನೀವು ಹಾಗೆ ಮಾಡಬೇಡಿ. ಹೆಸರು ಹಿಡಿದೇ ಕರೆಯಿರಿ. ಅಪ್ಪನ ಜೊತೆ ತೋಟಕ್ಕೆ ಗೊಬ್ಬರ ಹೊರೋಕೆ ಕಳಿಸಿ, ತಿಂದ ತಟ್ಟೆ ಅವನೇ ತೊಳೆಯಲಿ. ಮಂಕಾಗಿದ್ದಾನೆ ಅನ್ನಿಸಿದರೆ ರಾತ್ರಿ ಊಟ ಆದ ಮೇಲೆ ಪಕ್ಕದಲ್ಲಿ ಕೂತು, "ಅಲ್ಲಿ ಹೇಗಿದೆ ಮಗಾ, ಇಷ್ಟ ಆಗ್ತಿದೆಯಾ?" ಅಂತ ಕೇಳಿ. ಇಲ್ಲ ಅಂದರೂ ನಿಮ್ಮ ಮುಖ ಬಾಡಬಾರದು.